ಹೆಣ ಸಿಗದ ಕ್ಲೇಮು

ಮಳೆಗಾಲದ ಒಂದು ರಾತ್ರಿ ಹರಿಹರದ ಸೇತುವೆಯಿಂದ ಕಾರೊಂದು ತುಂಗಭದ್ರೆಗೆ ಉರುಳಿತು ಎಂದಿಟ್ಟುಕೊಳ್ಳಿ. ಬೆಳಗಾದ ಮೇಲೆ ಹರಿಹರದವರು, ಗುತ್ತೂರಿನವರು ಸೇರಿ ದಂಡೆಯುದ್ದಕ್ಕೂ ಹುಡುಕಿದರು. ನಜ್ಜುಗುಜ್ಜಾದ ಕಾರು ಸಿಕ್ಕಿತು, ಹೆಣ ಸಿಗಲಿಲ್ಲ. ಸತ್ತವನ ಪಾಲಿಸಿಗೆ ಇನ್ನೂ 3 ವರ್ಷ ತುಂಬಿಲ್ಲ. ದಾವಣಗೆರೆಯ ಯಾವ ಎಲ್‌ಐಸಿ ಏಜೆಂಟರನ್ನು ಕೇಳಿದರೂ ಇದು ‘ಅರ್ಲಿ ಕ್ಲೇಮ್’, ವಿಚಾರಣೆ ಮುಗಿಯದೆ ದುಡ್ಡು ಬರುವುದಿಲ್ಲ ಎನ್ನುತ್ತಾರೆ. ಹೆಣವೇ ಇಲ್ಲವೆಂದರೆ ತೊಡಕು ಇನ್ನೂ ಹೆಚ್ಚು. 7 ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಮಾತ್ರ ಆ ವ್ಯಕ್ತಿ ಬದುಕಿಲ್ಲವೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾಯ್ದೆ ಅವಕಾಶ ಕೊಡುತ್ತದೆ.

ಅಮೆರಿಕದ ಜೋಸೆಫ್ ಹ್ಯಾನ್ಸನ್ ಅವರ ‘ಫೇಡೌಟ್’ ಕಾದಂಬರಿ ಶುರುವಾಗುವುದು ಇಂಥದ್ದೇ ಕ್ಲೇಮಿನಿಂದ. ಕ್ಯಾಲಿಫೋರ್ನಿಯಾದ ಸಣ್ಣ ಊರೊಂದರ ರೇಡಿಯೊ ಗಾಯಕ ಫಾಕ್ಸ್ ಓಲ್ಸನ್ ಎಲ್ಲರಿಗೂ ಬೇಕಾದವನು. ಮಳೆಯ ರಾತ್ರಿ ಅವನ ಕಾರು ಹಳ್ಳಕ್ಕೆ ಬಿದ್ದಿದೆ, ಅವನ ಸುಳಿವಿಲ್ಲ. ಊರಿಗೆ ಊರೇ ಅವನು ಸತ್ತನೆಂದು ನಂಬಿದೆ. ನಂಬದೆ ಬಂದವನು ವಿಮಾ ಕಂಪನಿಯ ತನಿಖೆಗಾರ ಡೇವ್ ಬ್ರ್ಯಾಂಡ್‌ಸ್ಟೆಟರ್. ಇಪ್ಪತ್ತು ವರ್ಷದಷ್ಟು ಜೊತೆಗೆ ಬಾಳಿದ ಸಂಗಾತಿ ರಾಡ್‌ನನ್ನು ಕ್ಯಾನ್ಸರ್‌ಗೆ ಕಳೆದುಕೊಂಡು ಹೆಚ್ಚು ದಿನವಾಗಿಲ್ಲ. ಆ ಸಂಕಟ ಹೊತ್ತುಕೊಂಡೇ ಕೆಲಸಕ್ಕೆ ಹೊರಟಿದ್ದಾನೆ.

ಡೇವ್ ಸಲಿಂಗಿ. ಕಾದಂಬರಿ ಇದನ್ನು ಗುಟ್ಟಾಗಿಡುವುದೂ ಇಲ್ಲ, ಡಂಗುರ ಸಾರುವುದೂ ಇಲ್ಲ. ಕೊನೆಯ ಪುಟಕ್ಕೆಂದು ಕಾದಿರಿಸಿದ ಆಘಾತವೂ ಅದಲ್ಲ. ಪುಸ್ತಕ ಹೊರಬಂದದ್ದು 1970ರಲ್ಲಿ. ಎಷ್ಟೋ ಪ್ರಕಾಶಕರು ಬೇಡವೆಂದ ಹಸ್ತಪ್ರತಿಯನ್ನು ಹಾರ್ಪರ್ ಆ್ಯಂಡ್ ರೋ ಸಂಸ್ಥೆಯ ಸಂಪಾದಕಿ ಜೋನ್ ಕಾನ್ ಒಪ್ಪಿದರು. ಗಂಡು ಗಂಡಿನ ಸಂಬಂಧ ಕ್ಯಾಲಿಫೋರ್ನಿಯಾದಲ್ಲಿ ಅಪರಾಧವಾಗಿದ್ದ ಕಾಲವದು. ಕಾನೂನು ಬದಲಾದದ್ದು 1975ರಲ್ಲಿ, ಜಾರಿಗೆ ಬಂದದ್ದು ಮರುವರ್ಷ. ಅಂದರೆ ಸರಣಿಯ ಮೊದಲ ಮೂರು ಪುಸ್ತಕಗಳ ನಾಯಕ ಕಾನೂನಿನ ಕಣ್ಣಿನಲ್ಲಿ ಅಪರಾಧಿ, ಕೆಲಸದಲ್ಲಿ ಅಪರಾಧ ಬಯಲು ಮಾಡುವವನು.

ಈ ಸರಣಿ ಓದುವ ಖುಷಿ ಇರುವುದು ಡೇವ್‌ನ ಕಿವಿಯಲ್ಲಿ. ಅವನು ಪಿಸ್ತೂಲು ಹಿಡಿದು ಓಡಾಡುವವನಲ್ಲ, ಹಾಲ್‌ನಲ್ಲಿ ಕೂತು ಮಾತಾಡಿಸುವವನು. ಹೆಂಡತಿ ಹೇಳಿದ್ದಕ್ಕೂ ಮಗಳು ಹೇಳಿದ್ದಕ್ಕೂ ನಡುವಿನ ಬಿರುಕು ಅವನಿಗೆ ತಟ್ಟನೆ ಕೇಳಿಸುತ್ತದೆ. ಜನ ಏನನ್ನು ಬಚ್ಚಿಡುತ್ತಾರೆ, ಹೇಗೆ ಬಚ್ಚಿಡುತ್ತಾರೆ ಎಂಬುದು ಅವನ ಜಗತ್ತಿನವರಿಗೆ ಬದುಕು ಕಲಿಸಿದ ಪಾಠ. ಓಲ್ಸನ್‌ನ ಹಳೆಯ ಸ್ನೇಹಿತನೊಬ್ಬನ ಹೆಸರು ಕೇಳಿಬಂದಾಗ ಬೇರೆ ಪತ್ತೇದಾರ ಅದನ್ನು ಬರೆದುಕೊಂಡು ಮುಂದೆ ಹೋಗುತ್ತಿದ್ದನೇನೋ. ಡೇವ್ ಅಲ್ಲೇ ನಿಲ್ಲುತ್ತಾನೆ.

ಕನ್ನಡದ ಪತ್ತೇದಾರಿ ಓದುಗರಿಗೆ ಸರಣಿಯ ರುಚಿ ಹೊಸದಲ್ಲ. ನಾಲ್ಕನೇ ತರಗತಿವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ಪುರುಷೋತ್ತಮನ ಮುಂದಿನ ಸಾಹಸಕ್ಕಾಗಿ ಕಾದವರಿಗೆ ಅವನ ವಯಸ್ಸು ಎಂದೂ ಅಡ್ಡ ಬರಲಿಲ್ಲ. ಡೇವ್ ಹಾಗಲ್ಲ, 1991ರ ‘ಎ ಕಂಟ್ರಿ ಆಫ್ ಓಲ್ಡ್ ಮೆನ್’ವರೆಗಿನ 12 ಕಾದಂಬರಿಗಳಲ್ಲಿ ಓದುಗರ ಜೊತೆಗೇ ಮುದುಕನಾಗುತ್ತಾನೆ. ಒಂಬತ್ತು ಮದುವೆಯಾದ ಅಪ್ಪ ಕಾರ್ಲ್ ತೀರಿಕೊಂಡ ಮೇಲೆ ‘ಸ್ಕಿನ್‌ಫ್ಲಿಕ್’ನಲ್ಲಿ ಕಂಪನಿ ಬಿಟ್ಟು ಸ್ವಂತ ಪತ್ತೇದಾರನಾಗುತ್ತಾನೆ. ಅಪ್ಪನ ಕೊನೆಯ ಹೆಂಡತಿ, ವಯಸ್ಸಿನಲ್ಲಿ ತನಗಿಂತ ಎಷ್ಟೋ ಚಿಕ್ಕವಳಾದ ಅಮಾಂಡಾ, ಅವನ ಗೆಳತಿಯಾಗುತ್ತಾಳೆ. ಟಿವಿ ವರದಿಗಾರ ಸೆಸಿಲ್ ಹ್ಯಾರಿಸ್ ಎಂಬ ಕಪ್ಪು ತರುಣ ಬಾಳಸಂಗಾತಿಯಾಗುತ್ತಾನೆ. ಕೊಲೆಗಾರ ಯಾರೆಂಬ ಕುತೂಹಲದಷ್ಟೇ, ಈ ಮನೆಯಲ್ಲಿ ಮುಂದೇನಾಯಿತು ಎಂಬ ಕುತೂಹಲವೂ ಮುಂದಿನ ಪುಸ್ತಕಕ್ಕೆ ಎಳೆದೊಯ್ಯುತ್ತದೆ.

ಕಾಲವೂ ಒಳಗೆ ಬರುತ್ತದೆ. 1984ರ ‘ನೈಟ್‌ವರ್ಕ್’ನಲ್ಲಿ ರಾತ್ರೋರಾತ್ರಿ ವಿಷತ್ಯಾಜ್ಯ ಸುರಿಯುವ ಲಾರಿಗಳಿವೆ. ನದಿಯಾಚೆ ಕುಮಾರಪಟ್ಟಣದ ಕಾರ್ಖಾನೆ ಮಾಲಿನ್ಯದ ವಿರುದ್ಧ ನಡೆದ ಹೋರಾಟವನ್ನು ಬಲ್ಲ ಹರಿಹರ ಸೀಮೆಯವರಿಗೆ ಈ ಕಥೆ ದೂರದ್ದೆನಿಸದು. 1987ರ ‘ಅರ್ಲಿ ಗ್ರೇವ್ಸ್’ನಲ್ಲಿ ಕೊಲೆಯಾಗುವವರೆಲ್ಲ ಏಡ್ಸ್ ತಗುಲಿದ ತರುಣರು. ಹೇಗೂ ಸಾಯಲಿದ್ದವರನ್ನು ಯಾರೋ ಯಾಕೆ ಕೊಲ್ಲುತ್ತಾರೆ?

ಕನ್ನಡದಲ್ಲಿ ಸಲಿಂಗಿ ಬದುಕು ನೇರವಾಗಿ ಪುಸ್ತಕದ ನಡುಮನೆಗೆ ಬಂದದ್ದು ಸಂಡೂರಿನ ವಸುಧೇಂದ್ರ ಅವರ ಕಥಾಸಂಕಲನ ‘ಮೋಹನಸ್ವಾಮಿ’ಯಿಂದ. ಅದು ಪ್ರಕಟವಾದ 2013ರಲ್ಲೇ, ಡಿಸೆಂಬರ್ 11ರಂದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬರಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಮೋಹನಸ್ವಾಮಿಯ ಕಥೆಗಳಲ್ಲಿ ಸಮಾಜ ಅವನನ್ನು ಪ್ರಶ್ನಿಸುತ್ತದೆ. ಪತ್ತೇದಾರಿಯಲ್ಲಿ ಆ ಪಾತ್ರಗಳು ಅದಲುಬದಲು. ಪ್ರಶ್ನೆ ಕೇಳುವ ಹಕ್ಕು ಡೇವ್‌ನದು, ಉತ್ತರ ಕೊಡಲು ತಡವರಿಸುವುದು ಗೌರವಾನ್ವಿತ ಸಂಸಾರಗಳು.

ಹ್ಯಾನ್ಸನ್ 2004ರಲ್ಲಿ ತೀರಿಕೊಂಡರು. ಅವರ ಸರಣಿಯನ್ನು ‘ಫೇಡೌಟ್’ನಿಂದಲೇ ಹಿಡಿದು ಕ್ರಮವಾಗಿ ಓದುವುದು ಒಳ್ಳೆಯದು. ನಡುವಿನಿಂದ ಶುರು ಮಾಡಿದರೆ ಅಪ್ಪ ಮಗನ ಸಂಬಂಧವೂ ಸೆಸಿಲ್‌ನ ಪ್ರವೇಶವೂ ತಪ್ಪಿಹೋಗುತ್ತವೆ. ಈ ಗಾಂಭೀರ್ಯ ಭಾರವೆನಿಸುವವರಿಗೆ ರಿಚರ್ಡ್ ಸ್ಟೀವನ್‌ಸನ್ ಅವರ ಡೊನಾಲ್ಡ್ ಸ್ಟ್ರೇಚಿ ಇದ್ದಾನೆ. 1981ರಲ್ಲಿ ‘ಡೆತ್ ಟ್ರಿಕ್’ನೊಂದಿಗೆ ಬಂದ ಆಲ್ಬನಿ ನಗರದ ಈ ಖಾಸಗಿ ಪತ್ತೇದಾರ ಮಾತುಮಾತಿಗೂ ಕುಚೋದ್ಯ ಮಾಡುತ್ತಾನೆ. ಮನೆಯಲ್ಲಿ ಅವನ ಬಾಲ ಬಿಚ್ಚಗೊಡದವನು ಸಂಗಾತಿ ಟಿಮ್ ಕ್ಯಾಲಹನ್.