ಸೂಳೆಕೆರೆಯ ಸೀಮೆಗೆ ಚಳಿಗಾಲವು ಬರುವ ಬಗೆ

ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆಯು ಒಂದು ಬೆಳಿಗ್ಗೆ ಸೀಸೆಯಿಂದ ಇಳಿಯಲೊಲ್ಲದೆ ನಿಂತಿತೆಂದರೆ, ನಮ್ಮ ಸೀಮೆಗೆ ಚಳಿಗಾಲವು ಬಂದಿತೆಂದು ತಿಳಿಯಬೇಕು. ಈ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯ ಶಾಖದಲ್ಲಿ ಹೆಪ್ಪುಗಟ್ಟುವುದು. ಆದಕಾರಣ ಉಷ್ಣಮಾಪಕವಿಲ್ಲದ ಮನೆಯಲ್ಲಿಯೂ ಒಂದು ಉಷ್ಣಮಾಪಕವು ಇದ್ದೇ ಇರುವುದು. ಅಡಿಗೆಯ ಮನೆಯಲ್ಲಿ ಇನ್ನೆರಡು ಗುರುತುಗಳುಂಟು: ದೋಸೆಯ ಹಿಟ್ಟು ರಾತ್ರಿಯೆಲ್ಲ ಇಟ್ಟರೂ ಹುಳಿಯೇರದು, ಹೆಪ್ಪು ಹಾಕಿದ ಹಾಲು ಬೆಳಗಾದರೂ ಗಟ್ಟಿಯಾಗದು. ಹಿಟ್ಟನ್ನು ಹುಳಿಯೇರಿಸಿ, ಹಾಲನ್ನು ಮೊಸರಾಗಿಸುವ ಸೂಕ್ಷ್ಮಜೀವಿಗಳು ಬೆಚ್ಚಗಿದ್ದಲ್ಲದೆ ಕೆಲಸ ಮಾಡವು. ನಮ್ಮ ತಾಯಂದಿರು ಈ ಜೀವಿಗಳ ಹೆಸರನ್ನು ಅರಿಯದಿದ್ದರೂ ಮೊಸರಿನ ಪಾತ್ರೆಯನ್ನು ಒಲೆಯ ಬಳಿ ಇಡುವುದನ್ನು ಅರಿತಿದ್ದರು.

ಹಸ್ತ, ಚಿತ್ತೆಯ ಮಳೆಗಳು ಮುಗಿದು, ಸ್ವಾತಿಯ ಮಳೆಯೂ ಹಿಂದಾದ ಮೇಲೆ ಆಕಾಶವು ತಿಳಿಯಾಗುವುದು. ಮೋಡವು ಭೂಮಿಗೆ ಹೊದಿಸಿದ ಕಂಬಳಿಯಂತೆ. ಅದಿರುವ ತನಕ ಹಗಲಿನ ಕಾವು ಬೇಗನೆ ಹೊರಹೋಗದು. ಕಂಬಳಿಯನ್ನು ತೆಗೆದೊಡನೆ ನೆಲದ ಕಾವು ರಾತ್ರಿಯಲ್ಲಿ ಬಾನಿಗೆ ಏರಿಹೋಗಿ, ಹುಲ್ಲಿನ ಮೇಲೆ ಇಬ್ಬನಿಯು ನಿಲ್ಲುವುದು. ಆದರೆ ನೀರು ನೆಲದಂತೆ ಬೇಗನೆ ತಣಿಯದು. ಆದುದರಿಂದಲೇ ಚಳಿಯ ಮುಂಜಾನೆಗಳಲ್ಲಿ ಸೂಳೆಕೆರೆಯ ಬೆಚ್ಚನೆಯ ನೀರಿನಿಂದ ಏಳುವ ಆವಿಯು ತಂಪಾದ ಗಾಳಿಗೆ ತಾಗಿ, ಬಿಳಿಯ ಮಂಜಾಗಿ ಹರಡಿರುವುದನ್ನು ಕಾಣುವೆವು.

ಈ ಕೆರೆಯ ಹೆಸರನ್ನು ಹೇಳಲು ನಮ್ಮ ಬಾಲಿಕೆಯರು ಕೆಲವೊಮ್ಮೆ ನಾಚುವರು. ನಾಚಬೇಕಾದುದಿಲ್ಲ. ಶಾಂತವ್ವೆ ಎಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂದೂ, ಇದಕ್ಕಾಗಿ ತಮ್ಮ ನೆಲವನ್ನು ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಉಳಿಯಬೇಕೆಂದು ಕೇಳಿಕೊಂಡರೆಂದೂ ಐತಿಹ್ಯವುಂಟು. ಶಾಂತಿಸಾಗರವೆಂದರೂ ಸರಿ, ಸೂಳೆಕೆರೆಯೆಂದರೂ ಸರಿ, ಎರಡು ಹೆಸರುಗಳೂ ಹೆಂಗಸರನ್ನೇ ನೆನೆಯಿಸುವುವು. ಚನ್ನಗಿರಿಯ ಕಡೆಯ ಗದ್ದೆ ತೋಟಗಳಿಗೆ ಈ ನೀರು ಆಧಾರವಾಗಿರುವುದು. ದೂರದ ಜಗಳೂರಿನ ಕಡೆಯವರಾದರೋ ಕಪ್ಪುನೆಲದಲ್ಲಿ ಉಳಿದ ತೇವವನ್ನೇ ನೆಚ್ಚಿ ಹಿಂಗಾರಿಯ ಜೋಳವನ್ನು ಬೆಳೆಯುವರು.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುವೆವು. ನಮ್ಮ ಸೀಮೆಯಲ್ಲಿ ಡಿಸೆಂಬರ್ ಕೊನೆಯ ಹಗಲು ಜೂನ್ ಕೊನೆಯ ಹಗಲಿಗಿಂತ ಸುಮಾರು 1 ಗಂಟೆ 40 ನಿಮಿಷ ಚಿಕ್ಕದು. ಆದರೆ ಹಗಲು ಚಿಕ್ಕದಾಗುವ ಈ ಕಾಲದಲ್ಲಿಯೇ ಮನೆಯ ಕೆಲಸವು ಹಿರಿದಾಗುವುದು. ಭೂಮಿ ಹುಣ್ಣಿಮೆಯಂದು ಬಸುರಿಯೆಂದು ಎಡೆಯಿಟ್ಟ ಹೊಲವು ಈಗ ಫಲವನ್ನು ಕೊಡುವುದು. ಗದ್ದೆಯಲ್ಲಿ ಭತ್ತದ ಕೊಯ್ಲು, ತೋಟದಲ್ಲಿ ಅಡಿಕೆಯ ಕೊಯ್ಲು. ಹಸಿ ಅಡಿಕೆಯನ್ನು ಕೊಯ್ದ ಮೇಲೆ ಬಹಳ ದಿನ ಇಡಲಾಗದು. ಸುಲಿದು, ಹಂಡೆಯಲ್ಲಿ ಬೇಯಿಸಿ, ಒಣಗಿಸಲೇಬೇಕು. ಸುಲಿಯುವ ಯಂತ್ರಗಳು ಬಂದಿದ್ದರೂ ಎಲ್ಲರ ಮನೆಗೂ ಬಂದಿಲ್ಲ. ಹೀಗಾಗಿ ಕತ್ತಲಾದ ಮೇಲೆಯೂ ಹೆಂಗಸರು ದೀಪದ ಸುತ್ತ ಕುಳಿತು ಸುಲಿಯುವರು; ಮಗಳು ತಾಯಿಯ ಪಕ್ಕದಲ್ಲಿ ಕೂರುವಳು.

ಕೆಲವು ವರ್ಷಗಳ ಹಿಂದೆ ನವೆಂಬರ್ ತಿಂಗಳಲ್ಲಿ ಒಬ್ಬ ಬಾಲಿಕೆಯು ಮೊದಲನೆಯ ಪಾಠದಲ್ಲಿಯೇ ತೂಕಡಿಸುವುದನ್ನು ಕಂಡು ನಾವು ಎಲ್ಲರೆದುರಿಗೂ ಗದರಿಸಿದೆವು. ಅವಳು ಉತ್ತರ ಹೇಳದೆ ಪುಸ್ತಕವನ್ನು ಚಾಚಿದಳು. ಹಾಳೆಯ ಅಂಚಿನಲ್ಲಿ ಕಂದು ಬಣ್ಣದ ಬೆರಳಿನ ಗುರುತುಗಳಿದ್ದುವು. ಅವಳ ಬೆರಳುಗಳನ್ನು ನೋಡಿದೆವು. ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದುವು. ಗದರಿಸಿದುದಕ್ಕೆ ನಮಗೆ ನಾಚಿಕೆಯಾಯಿತು.

ಆ ಸಂಜೆ ಅವಳ ಮನೆಗೆ ಹೋದೆವು. ತಾಯಿಯು ಕೈಯ ಕೆಲಸವನ್ನು ನಿಲ್ಲಿಸದೆಯೇ, “ಏನ್ಮಾಡಾದು ಟೀಚರಮ್ಮಾರೇ, ಸುಲಿಯಾದು ಬಿಟ್ರೆ ಕಾಯಿ ಕೆಡ್ತತಿ” ಎಂದರು. ಆ ಮಾತು ಸುಳ್ಳಲ್ಲ. ಮಗಳನ್ನು ಕೆಲಸದಿಂದ ಬಿಡಿಸಿರೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ದೀಪ ಹಚ್ಚಿದ ಮೊದಲನೆಯ ಒಂದು ಗಂಟೆ ಮಾತ್ರ ಅವಳು ಅದೇ ಬೆಳಕಿನಲ್ಲಿ ಕುಳಿತು, ನಿಮಗೆಲ್ಲ ಕೇಳುವಂತೆ ಪಾಠವನ್ನು ಓದಲಿ ಎಂದು ಬೇಡಿಕೊಂಡೆವು. ತಾಯಿಯು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಕೆಲವು ವಾರಗಳ ಮೇಲೆ ಆ ಬಾಲಿಕೆಯು ಒಂದು ಸಂಗತಿಯನ್ನು ತಿಳಿಸಿದಳು. ಋತುಗಳ ಪಾಠವನ್ನು ಓದುವಾಗ ತಾಯಿಯು, ಸೂರ್ಯ ದೂರ ಹೋಗುವುದರಿಂದ ಚಳಿಯಾಗುವುದೇ ಎಂದು ಕೇಳಿದರಂತೆ. ಅಲ್ಲ, ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿಯೇ. ಅವಳು ಒಂದು ಹಸಿ ಅಡಿಕೆಯನ್ನು ಎತ್ತಿಕೊಂಡು, ತೊಟ್ಟನ್ನು ಉತ್ತರ ಧ್ರುವವೆಂದು ಎಣಿಸಿ, ನಮ್ಮ ಊರಿರುವಲ್ಲಿ ಉಗುರಿನಿಂದ ಗೀರಿ, ತೊಟ್ಟನ್ನು ದೀಪದಿಂದ ಆಚೆಗೆ ವಾಲಿಸಿ ತಿರುಗಿಸಿದಳಂತೆ. ಗೀರಿದ ಜಾಗವು ಬೆಳಕಿನಲ್ಲಿ ಕಡಿಮೆ ಹೊತ್ತು, ನೆರಳಿನಲ್ಲಿ ಹೆಚ್ಚು ಹೊತ್ತು ಇದ್ದಿತು. ಬೆಳಕೂ ಅಲ್ಲಿಗೆ ಓರೆಯಾಗಿ ಬಿದ್ದಿತು. ವಾಲಿದ ದಿಕ್ಕನ್ನು ಬದಲಿಸದೆ ಅಡಿಕೆಯನ್ನು ದೀಪದ ಆಚೆಯ ಮಗ್ಗುಲಿಗೆ ಒಯ್ದಾಗ ತೊಟ್ಟು ದೀಪದ ಕಡೆಗೆ ವಾಲಿತು, ಬೇಸಿಗೆಯಾಯಿತು. ನಾವು ಭೂಗೋಲವನ್ನು ಮೇಜಿನ ಮೇಲಿಟ್ಟು ಕಲಿಸಿದುದಕ್ಕಿಂತ ಇದು ಚೆನ್ನಾಗಿದ್ದಿತೆಂದು ಒಪ್ಪಿಕೊಳ್ಳುವೆವು.

ಪೋಷಕರಿಗೆ ಇನ್ನೊಂದು ವಿಷಯವನ್ನು ತಿಳಿಸಬೇಕು. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದಾದರೂ ಸೂರ್ಯನು ಅತಿ ಬೇಗನೆ ಮುಳುಗುವುದು ನವೆಂಬರ್ ಕೊನೆಯ ಭಾಗದಲ್ಲಿ. ಅತಿ ತಡವಾಗಿ ಏಳುವುದು ಜನವರಿಯ ಕೊನೆಯ ಭಾಗದಲ್ಲಿ. ಈ ತಿಂಗಳುಗಳಲ್ಲಿ ಗಡಿಯಾರದ ಲೆಕ್ಕಕ್ಕೆ ನಡುಹಗಲೇ ದಿನದಿನಕ್ಕೂ ತುಸುತುಸು ತಡವಾಗುತ್ತ ಹೋಗುವುದು ಇದರ ಕಾರಣ. ಆದುದರಿಂದ ನವೆಂಬರಿನಲ್ಲಿ ಮಗಳಿಗೆ ಸಂಜೆಯ ದೀಪವು ಬೇಕು. ಜನವರಿಯಲ್ಲಿ ಬೆಳಗಿನ ದೀಪವು ಬೇಕು. ಸಂಕ್ರಾಂತಿ ಕಳೆದರೂ ಮಕ್ಕಳು ಏಳಲು ತಡಮಾಡಿದರೆ ಅದೆಲ್ಲವೂ ಸೋಮಾರಿತನವಲ್ಲ.

ಕೈಕೆಲಸವು ಹೀನವೆಂದು ನಾವು ಎಂದೂ ಕಲಿಸಿಲ್ಲ, ಕಲಿಸಲಾರೆವು. ಸುಗ್ಗಿಯಲ್ಲಿ ತಾಯಿಗೆ ನೆರವಾಗದ ಮಗಳನ್ನು ನಾವು ಮೆಚ್ಚುವುದಿಲ್ಲ. ಆದರೆ ಶಿವರಾತ್ರಿಗೆ ಚಳಿಯು ಹೋಗುವಷ್ಟರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯು ಬಾಗಿಲಿಗೆ ಬಂದು ನಿಲ್ಲುವುದು. ಅಡಿಕೆಯ ಸುಗ್ಗಿಯು ಮರುವರ್ಷವೂ ಬರುವುದು. ಬಾಲಿಕೆಯ ಓದುವ ವಯಸ್ಸು ಮರಳಿ ಬಾರದು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿ ಆ ದೀಪದ ಬಳಿ ಕುಳಿತಿರುವರು. ಈ ಚಳಿಗಾಲದಲ್ಲಿ ಆ ಬೆಳಕಿನ ಮೊದಲನೆಯ ಗಂಟೆಯು ಮಗಳಿಗಿರಲಿ ಎಂಬುದೇ ಅವರಲ್ಲಿಯೂ ಎಲ್ಲ ಪೋಷಕರಲ್ಲಿಯೂ ನಮ್ಮ ವಿಜ್ಞಾಪನೆ.