ಮನುಷ್ಯ ಹೋಗಬೇಕೇ, ಮಾಹಿತಿ ಹೋದರೆ ಸಾಕೇ?

ಮಕ್ಕಳೇ, ಬೆಳಗ್ಗೆ ಕಾಸರಗೋಡು ಸ್ಟೇಷನ್ನಿನಲ್ಲಿ ಮಂಗಳೂರಿನ ರೈಲಿಗೆ ಕಾಯುವವರನ್ನು ನೋಡಿದ್ದೀರಲ್ಲ? ಸುಮಾರು 50 ಕಿಲೋಮೀಟರ್ ಹೋಗಬೇಕು, ಸಂಜೆ ಅಷ್ಟೇ ದೂರ ವಾಪಸ್ ಬರಬೇಕು. ಅವರಲ್ಲಿ ಕೆಲವರು ಅಲ್ಲಿ ಹೋಗಿ ಮಾಡುವುದೇನು? ಕಾಗದಪತ್ರ ನೋಡುವುದು, ಲೆಕ್ಕ ಬರೆಯುವುದು, ಫೋನಿನಲ್ಲಿ ಮಾತಾಡುವುದು. ಹಾಗಾದ್ರೆ ಅರುವತ್ತು ಕಿಲೋ ತೂಕದ ಮನುಷ್ಯನನ್ನು ಸಾಗಿಸುವ ಬದಲು ಬರೀ ಮಾಹಿತಿಯನ್ನು ಸಾಗಿಸಿದರೆ ಸಾಲದೇ?

ಈ ಪ್ರಶ್ನೆ ಹೊಸದಲ್ಲ. 1945ರಲ್ಲೇ ಭೂಸ್ಥಿರ ಉಪಗ್ರಹಗಳಿಂದ ಸಂಪರ್ಕ ಸಾಧ್ಯ ಎಂದು ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್, 1964ರಲ್ಲಿ ಬಿಬಿಸಿ ಟಿ.ವಿ.ಯಲ್ಲಿ ಒಂದು ಭವಿಷ್ಯ ನುಡಿದರು. ಇನ್ನು ಐವತ್ತು ವರ್ಷಗಳಲ್ಲಿ ಲಂಡನ್ನಿನ ಕೆಲಸವನ್ನು ಬಾಲಿ ದ್ವೀಪದಲ್ಲಿ ಕುಳಿತೇ ಮಾಡಬಹುದು ಎಂದರು. 1973ರಲ್ಲಿ ಅಮೆರಿಕದ ಎಂಜಿನಿಯರ್ ಜ್ಯಾಕ್ ನೈಲ್ಸ್ ಇದಕ್ಕೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. ಅದೇ ವರ್ಷದ ಕೊನೆಗೆ ತೈಲದ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸುವ ದಾರಿ ಎಲ್ಲರಿಗೂ ಬೇಕಾಯಿತು. 1980ರಲ್ಲಿ ಆಲ್ವಿನ್ ಟಾಫ್ಲರ್, ಮುಂದೆ ಮನೆಯೇ ‘ಎಲೆಕ್ಟ್ರಾನಿಕ್ ಕುಟೀರ’ ಆಗುತ್ತದೆ ಎಂದು ಬರೆದರು.

ಹಾಗಿದ್ದೂ ಕಚೇರಿಗಳು ಆಗಲೇ ಯಾಕೆ ಖಾಲಿಯಾಗಲಿಲ್ಲ? ಒಂದು ಲೆಕ್ಕ ಮಾಡೋಣ. ಆ ಕಾಲದಲ್ಲಿ ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರ್ ಮಾಹಿತಿ ಕಳಿಸುತ್ತಿದ್ದ ಒಂದು ಸಾಮಾನ್ಯ ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ 8 ಬಿಟ್ ಎಂದಿಟ್ಟುಕೊಳ್ಳಿ. 1,500 ಅಕ್ಷರಗಳ ಒಂದು ಪುಟಕ್ಕೆ 12,000 ಬಿಟ್, ಅಂದ್ರೆ 40 ಸೆಕೆಂಡು. ಪರವಾಗಿಲ್ಲ ಅಲ್ವಾ? ಈಗ ಮೊಬೈಲಿನಲ್ಲಿ ತೆಗೆದ ಒಂದು ಎಂಬಿ ಫೋಟೋ ಕಳಿಸಿ ನೋಡಿ. ಸುಮಾರು 80 ಲಕ್ಷ ಬಿಟ್. 300ರಿಂದ ಭಾಗಿಸಿದರೆ ಏಳು ಗಂಟೆಗೂ ಹೆಚ್ಚು! ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಇಂದಿನ ಸಂಪರ್ಕದಲ್ಲಿ ಒಂದು ಸೆಕೆಂಡೂ ಬೇಡ.

ಮುಖ ನೋಡಿ ಮಾತಾಡುವ ‘ಪಿಕ್ಚರ್‌ಫೋನ್’ 1970ರಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾರಾಟಕ್ಕೆ ಬಂದಿತ್ತು. ತಿಂಗಳಿಗೆ 160 ಡಾಲರ್ ಬಾಡಿಗೆ. ಅಷ್ಟು ಕೊಟ್ಟರೂ ಆ ಕಡೆಯವರ ಹತ್ತಿರವೂ ಅದೇ ಯಂತ್ರ ಇರಬೇಕಲ್ಲ! ಹೆಚ್ಚು ಜನ ಕೊಳ್ಳಲಿಲ್ಲ, ಯೋಜನೆ ಬಿದ್ದುಹೋಯಿತು.

ಯಂತ್ರದ ವಿಷಯದಲ್ಲಿ ಕ್ಲಾರ್ಕ್ ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು. ವೇಗದ ಇಂಟರ್‌ನೆಟ್ ಬಂತು. ಆದರೂ ಬಹುಪಾಲು ಜನ ಕಚೇರಿಗೆ ಹೋಗುತ್ತಲೇ ಇದ್ದರು. ಕೆಲಸಗಾರ ಕಣ್ಣೆದುರು ಇರಬೇಕೆಂಬ ಮೇಲಧಿಕಾರಿಯ ಅಭ್ಯಾಸ ತಂತಿಯ ವೇಗದಷ್ಟು ಬೇಗ ಬದಲಾಗುವುದಿಲ್ಲ. ಅದಕ್ಕೆ 2020ರ ಕೊರೋನಾ ಬರಬೇಕಾಯಿತು.

ಆಗ ಇನ್ನೊಂದು ಸತ್ಯವೂ ಕಂಡಿತು. ನಮ್ಮ ಗಡಿ ಮುಚ್ಚಿತ್ತು. ಲ್ಯಾಪ್‌ಟಾಪ್ ಇದ್ದವರ ಸಂಬಳ ಮನೆಗೇ ಬಂತು. ಹೋಟೆಲಿನವರಿಗೆ, ಗಾರೆ ಕೆಲಸದವರಿಗೆ ಬರಲಿಲ್ಲ. ನಿಮ್ಮಲ್ಲೇ ಕೆಲವರು ಆನ್‌ಲೈನ್ ತರಗತಿಗೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನನಗೆ ನೆನಪಿದೆ. ಕೊನೆಯ ಮನೆಯವರೆಗೆ ಸಂಪರ್ಕ ಮುಟ್ಟದಿದ್ದರೆ ಭವಿಷ್ಯವಾಣಿ ಅರ್ಧ ಮಾತ್ರ ನಿಜ.

ಅಂದಹಾಗೆ, ನಮ್ಮೂರಿಗೆ ‘ಮನೆಯಿಂದ ಕೆಲಸ’ ಹೊಸದೇನಲ್ಲ. ನಿಮ್ಮ ಅಜ್ಜಿಯಂದಿರು ಮನೆಯ ಜಗಲಿಯಲ್ಲೇ ಬೀಡಿ ಕಟ್ಟಿದವರು. ಆದರೆ ಎಲೆ, ಹೊಗೆಸೊಪ್ಪು ತರಲು, ಕಟ್ಟಿದ ಬೀಡಿ ಕೊಡಲು ಅವರು ನಡೆದೇ ಹೋಗಬೇಕಿತ್ತು. ವಸ್ತುವನ್ನು ಬಿಟ್ ಮಾಡಿ ಕಳಿಸಲಾಗದು!

ಈ ವಾರ ನಿಮಗೊಂದು ಚಟುವಟಿಕೆ: ಅಕ್ಕಪಕ್ಕದ ಹತ್ತು ಮನೆಯವರ ಕೆಲಸಗಳ ಪಟ್ಟಿ ಮಾಡಿ. ಯಾವುದರಲ್ಲಿ ಮಾಹಿತಿ ಹೋದರೆ ಸಾಕು, ಯಾವುದಕ್ಕೆ ಮನುಷ್ಯನೇ ಹೋಗಬೇಕು? ಕಾರಣ ಬರೆದು ತನ್ನಿ. ತರಗತಿಯಲ್ಲಿ ಚರ್ಚಿಸೋಣ.