ಏರ್‌ಬ್ಯಾಗ್ ಮಂಡಲದ ದೋಷ ಪತ್ತೆ ಹೇಗೆ?

ಕಾರಿನ ಕೀಲಿ ತಿರುಗಿಸಿದೊಡನೆ ಚಾಲಕನ ಮುಂದಿನ ಫಲಕದಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರುವುದನ್ನು ನೀವು ಗಮನಿಸಿರಬಹುದು. ಅದು ಹೊತ್ತದಿದ್ದರೂ, ಹೊತ್ತಿ ಆರದಿದ್ದರೂ ದೋಷವಿದೆ ಎಂದರ್ಥ. ಆಗ ಅಪಘಾತವಾದರೆ ಚೀಲ ಉಬ್ಬದೇ ಹೋಗಬಹುದು.

ಹಾರ್ನ್ ಸರಿಯಿದೆಯೇ ಎಂದು ಒತ್ತಿ ನೋಡಬಹುದು. ಏರ್‌ಬ್ಯಾಗನ್ನು ಹಾಗೆ ಪರೀಕ್ಷಿಸುವಂತಿಲ್ಲ. ಅದು ಕೆಲಸ ಮಾಡುವುದು ಒಮ್ಮೆ ಮಾತ್ರ. ಹಾಗಾದರೆ ನಿಯಂತ್ರಕ ಘಟಕಕ್ಕೆ ದೋಷ ತಿಳಿಯುವುದು ಹೇಗೆ? ನೀವು ಪ್ರೌಢಶಾಲೆಯಲ್ಲಿ ಓದಿದ ಓಮ್‌ನ ನಿಯಮದಿಂದಲೇ!

ಮೊದಲು ಸಂವೇದಕವನ್ನು ನೋಡೋಣ. ಹಳೆಯ ಮಾದರಿಯೊಂದರಲ್ಲಿ ಕೊಳವೆಯೊಳಗಿನ ಲೋಹದ ಗುಂಡನ್ನು ಅಯಸ್ಕಾಂತ ಹಿಡಿದಿಟ್ಟಿರುತ್ತದೆ. ಡಿಕ್ಕಿಯಾದಾಗ ಗುಂಡು ಜಡತ್ವದಿಂದ ಮುನ್ನುಗ್ಗಿ ಸಂಪರ್ಕಗಳನ್ನು ಕೂಡಿಸುತ್ತದೆ. ಅಂದರೆ ಇದೊಂದು ಸ್ವಿಚ್. ತೆರೆದ ಸ್ವಿಚ್‌ಗೂ ತುಂಡಾದ ತಂತಿಗೂ ವ್ಯತ್ಯಾಸ ಕಾಣದಲ್ಲ? ಅದಕ್ಕಾಗಿ ಸ್ವಿಚ್‌ಗೆ ಸಮಾಂತರವಾಗಿ ಒಂದು ರೋಧಕವನ್ನು ಜೋಡಿಸಿರುತ್ತಾರೆ. ಅದು 1000 ಓಮ್ ಎನ್ನೋಣ. ಘಟಕಕ್ಕೆ 1000 ಓಮ್ ಕಂಡರೆ ಎಲ್ಲವೂ ಕ್ಷೇಮ. ಅನಂತ ರೋಧ ಕಂಡರೆ ತಂತಿ ತುಂಡಾಗಿದೆ. ಸೊನ್ನೆಗೆ ಹತ್ತಿರವಾದರೆ ಸ್ವಿಚ್ ಮುಚ್ಚಿದೆ ಇಲ್ಲವೇ ತಂತಿಗಳು ಒಂದಕ್ಕೊಂದು ತಗುಲಿವೆ. ಬ್ಯಾಟರಿ ಸೆಲ್, ಸ್ವಿಚ್, ರೋಧಕ, ಮಲ್ಟಿಮೀಟರ್ ಇದ್ದರೆ ತರಗತಿಯಲ್ಲೇ ಇದನ್ನು ತೋರಿಸಬಹುದು. ಇಂದಿನ ಕಾರುಗಳಲ್ಲಿ ಗುಂಡಿನ ಬದಲು ಸಿಲಿಕಾನ್ ಚಿಪ್‌ನ ವೇಗೋತ್ಕರ್ಷ ಮಾಪಕವಿರುತ್ತದೆ.

ಚೀಲವನ್ನು ಉಬ್ಬಿಸುವ ಉರಿಕಕ್ಕೂ ಇದೇ ಬಗೆಯ ಕಾವಲು. ಅದರ ರೋಧ ಸುಮಾರು 2 ಓಮ್; ಹೊತ್ತಿಸಲು ಸುಮಾರು 1.2 ಆಂಪಿಯರ್ ಬೇಕು. ಘಟಕ ಹರಿಸುವುದು ಅದಕ್ಕಿಂತ ಬಹಳ ಕಡಿಮೆ. 40 ಮಿಲಿಆಂಪಿಯರ್ ಹರಿಸಿದರೆ 80 ಮಿಲಿವೋಲ್ಟ್ ದೊರೆಯಬೇಕು. ಹೆಚ್ಚು ದೊರೆತರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಸೀಟಿನಡಿಯ ಹಳದಿ ಕನೆಕ್ಟರ್, ಸ್ಟಿಯರಿಂಗ್ ಚಕ್ರದೊಳಗಿನ ಸುರುಳಿ ಪಟ್ಟಿ ಇವೇ ಸಾಮಾನ್ಯ ಅಪರಾಧಿಗಳು.

ಉರಿಕಕ್ಕೆ ಎಂದೂ ಮಲ್ಟಿಮೀಟರ್ ತಾಗಿಸಬೇಡಿ. ರೋಧ ಅಳೆಯುವಾಗ ಮೀಟರೂ ವಿದ್ಯುತ್ ಹರಿಸುತ್ತದೆ. ತರಬೇತಾದ ಮೆಕ್ಯಾನಿಕ್ ಬ್ಯಾಟರಿ ಕಳಚಿ, ಘಟಕದ ಕೆಪಾಸಿಟರ್ ಬರಿದಾಗಲು ಕೆಲವು ನಿಮಿಷ ಕಾಯುತ್ತಾನೆ. ಬಳಿಕ ಚೀಲವನ್ನು ಬಿಡಿಸಿ, ಆ ಜಾಗದಲ್ಲಿ 2 ಓಮ್‌ನ ರೋಧಕವನ್ನು ಸಿಕ್ಕಿಸಿ, ಬ್ಯಾಟರಿಯನ್ನು ಮತ್ತೆ ಜೋಡಿಸಿ, ದಾಖಲಾದ ದೋಷಸಂಕೇತವನ್ನು ಅಳಿಸಿ ನೋಡುತ್ತಾನೆ. ದೀಪ ಆರಿದರೆ ದೋಷ ಚೀಲದ ಕಡೆಗಿದೆ. ಆರದಿದ್ದರೆ ತಂತಿ ಅಥವಾ ಘಟಕದಲ್ಲಿದೆ.

ಇದೇ ಉಪಾಯ ಮೋಸಕ್ಕೂ ಬಳಕೆಯಾಗುವುದುಂಟು. ಅಪಘಾತದಲ್ಲಿ ಚೀಲ ಸಿಡಿದ ಕಾರಿಗೆ ಹೊಸದನ್ನು ಹಾಕದೆ, ಕೆಲವೇ ರೂಪಾಯಿಯ ರೋಧಕವನ್ನು ಸಿಕ್ಕಿಸಿ ಮಾರಿದರೆ ದೀಪ ಎಂದಿನಂತೆ ಹೊತ್ತಿ ಆರುತ್ತದೆ. ಆದ್ದರಿಂದ ಹಳೆಯ ಕಾರು ಕೊಳ್ಳುವಾಗ ದೀಪವನ್ನಷ್ಟೇ ನಂಬದೆ, ಚೀಲ ಇದೆಯೇ ಎಂಬುದನ್ನು ಬಲ್ಲವರಿಂದ ಕಳಚಿಸಿ ನೋಡಿಸಿ.